ಪ್ರತಿಕ್ರಿಯೆ: ಮಗುವಿನ ಆಂಟಿಬಯೋಟಿಕ್ ಸಿರಪ್ ತಳದಲ್ಲಿ ಗಟ್ಟಿಯಾಗಿದೆ

ಮೂರು ದಿನದಿಂದ ಮಗಳಿಗೆ ಕೊಡುತ್ತಿರುವ ಸಿರಪ್ ಮೇಲೆ ನೀರಾಗಿ, ತಳದಲ್ಲಿ ಗಟ್ಟಿಯಾಗಿ ಕುಳಿತಿದೆ ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಪ್ರತಿ ಸಲ ಬಾಟಲಿಯನ್ನು ಕುಲುಕದಿರುವುದೇ ಕಾರಣ; ಪುಡಿಗೆ ನೀರು ಬೆರೆಸಿ ಮಾಡುವ ಔಷಧದ ಕಣಗಳು ಪೂರ್ತಿ ಕರಗದೆ ನೀರಿನಲ್ಲಿ ತೇಲುತ್ತಿದ್ದು, ಕುಲುಕದಿದ್ದರೆ ತಳಕ್ಕೆ ಇಳಿಯುತ್ತವೆ. ಹೀಗಾಗಿ ಮೊದಲ ಡೋಸುಗಳಲ್ಲಿ ಮದ್ದು ಕಡಿಮೆಯೂ ಕೊನೆಯವುಗಳಲ್ಲಿ ಹೆಚ್ಚೂ ಹೋಗುತ್ತದೆ.

ಮೊದಲು ಚೆನ್ನಾಗಿ ಕುಲುಕಿ, ನೊರೆ ಇಳಿದ ಮೇಲೆ ತಳದಲ್ಲಿ ಗಂಟು ಉಳಿದಿದೆಯೇ ನೋಡಿರಿ. ಗಂಟು ಕರಗದಿದ್ದರೆ, ಅಥವಾ ಬೆರೆಸುವಾಗ ನೀರು ಬಾಟಲಿಯ ಗುರುತಿಗಿಂತ ಹೆಚ್ಚೋ ಕಡಿಮೆಯೋ ಆಗಿತ್ತೆಂಬ ಅನುಮಾನವಿದ್ದರೆ, ನೀವೇ ಸರಿಪಡಿಸಲು ಹೋಗದೆ ಔಷಧದ ಅಂಗಡಿಗೆ ಒಯ್ದು ತೋರಿಸಿರಿ. ಅಳತೆಗೆ ಅಡುಗೆಮನೆಯ ಚಮಚ ಖಂಡಿತ ಬೇಡ, ಏಕೆಂದರೆ ಒಂದೊಂದು ಚಮಚದ ಅಳತೆ ಒಂದೊಂದು ಬಗೆ. ವೈದ್ಯರು ಬರೆದ ಮಿ.ಲೀ. ಗುರುತಿರುವ, ಸೂಜಿಯಿಲ್ಲದ ಸಿರಿಂಜನ್ನೇ ಬಳಸಿ, ಮಗುವನ್ನು ಕೂರಿಸಿ ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿರಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ ಬಾಟಲಿಯನ್ನು ಕಿಟಕಿಯ ಬಳಿ ಇಡಬಾರದು. ಬಾಟಲಿಯ ಚೀಟಿಯಲ್ಲಿ ಫ್ರಿಜ್ ಎಂದಿದ್ದರೆ ಫ್ರಿಜ್‌ನಲ್ಲೇ ಇಡಬೇಕು, ಮಡಕೆಯ ತಂಪು ಸಾಲದು. ಬೆರೆಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಟ್ಟು, ಚೀಟಿಯಲ್ಲಿ ಹೇಳಿದ ಅವಧಿ (ಅನೇಕ ಔಷಧಗಳಿಗೆ 7 ದಿನ) ಮುಗಿದ ಮೇಲೆ ಉಳಿದದ್ದನ್ನು ಕೊಡಬೇಡಿರಿ.

ಈವರೆಗೆ ಮಗುವಿಗೆ ಎಷ್ಟು ಮದ್ದು ಸೇರಿದೆಯೆಂದು ಇಲ್ಲಿಂದ ಹೇಳಲಾಗದು. ಆದ್ದರಿಂದ ಸರಿದೂಗಿಸಲೆಂದು ಹೆಚ್ಚಿನ ಡೋಸ್ ಕೊಡದೆ, ಮುಂದಿನ ಡೋಸ್ ಕೊಡುವ ಮೊದಲು, ಔಷಧ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿರಿ. ಮೈಮೇಲೆ ದದ್ದು, ಮುಖದ ಊತ ಅಥವಾ ಉಸಿರಾಟದ ತೊಂದರೆ ಕಂಡರೆ ಔಷಧ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.