ನಡೆದು ಹೋದರೆ ಆಟ ಬೇಡವೇ?

ಪ್ರಶ್ನೆ: ಮಗನಿಗೆ 14 ವರ್ಷ. ಶಾಲೆ ಒಂದೂವರೆ ಕಿಲೋಮೀಟರ್ ದೂರ. ವ್ಯಾನ್ ಬಿಡಿಸಿ ನಡೆಸಿದರೆ ವ್ಯಾಯಾಮ ಸಾಕಾಗುತ್ತದೆಯೇ?

ಉತ್ತರ: ಪೂರ್ತಿ ಸಾಲದು, ಆದರೆ ದೊಡ್ಡ ಪಾಲು ಸಿಗುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚುರುಕಾಗಿ ನಡೆದರೆ ಹೋಗಿಬರಲು ಸುಮಾರು 40 ನಿಮಿಷ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ಗೆಳೆಯರ ಜೊತೆ ಮೊಬೈಲ್ ನೋಡುತ್ತಾ ಕಾಲೆಳೆದರೆ ಲೆಕ್ಕಕ್ಕಿಲ್ಲ! ಉಳಿದದ್ದಕ್ಕೆ ಸಂಜೆಯ ಓಟ, ಆಟ ಬೇಕೇ ಬೇಕು. ನಡಿಗೆಯಿಂದ ಮೂಳೆ, ಸ್ನಾಯುಗಳಿಗೆ ಜಿಗಿತದಷ್ಟು ಕೆಲಸ ಸಿಗದು. ಬ್ಯಾಗಿನ ಎರಡೂ ಪಟ್ಟಿ ಹೆಗಲಿಗಿರಲಿ. ಸೈಕಲ್ ಆದರೆ ಸೀಟು ತಗ್ಗಿಸಬೇಡಿ, ಮಂಡಿ ನೋಯುತ್ತದೆ. ಪೆಡಲ್ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರಬೇಕು. ದೂರದ ಶಾಲೆಯವರು ಒಂದು ಸ್ಟಾಪ್ ಮೊದಲೇ ಇಳಿಯಬಹುದು.