‘ನಮಗೆ ರಾಜಕೀಯ ಬೇಡ’ ಎನ್ನುವ ಸ್ವಾಮೀಜಿಗಳ ಪಕ್ಕದಲ್ಲಿ ಯಾವಾಗಲೂ ಡಿಸಿ, ಮಂತ್ರಿಗಳೇ ಯಾಕೆ?

ಕಡತ ಸಾಗಬೇಕಲ್ಲ, ಅದಕ್ಕೆ. ಮೈಸೂರು, ಮಂಡ್ಯ ಕಡೆ ಮಠ ಅಂದರೆ ಶಾಲೆ, ಕಾಲೇಜು, ಹಾಸ್ಟೆಲ್ಲೂ ಹೌದು. ಜಮೀನು ಮಂಜೂರಾತಿ, ಭೂಪರಿವರ್ತನೆ, ಸಮುದಾಯ ಭವನದ ಅನುದಾನ ಎಲ್ಲವೂ ಸರ್ಕಾರಿ ಮೇಜು ದಾಟಬೇಕು. ಹಾಗಾಗಿ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ.

ಅತಿಥಿಯಾಗಿ ಕರೆಯುವುದು ಅಪರಾಧವಲ್ಲ. ಆವರಣವನ್ನು ರಾಜಕೀಯ ಚಟುವಟಿಕೆಗೆ ಬಿಟ್ಟರೆ ಮಾತ್ರ 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯಡಿ 5 ವರ್ಷದವರೆಗೆ ಜೈಲು. ‘ಬರೀ ಆಶೀರ್ವಾದ’ ಅಂದುಬಿಟ್ಟರೆ ಸಾಬೀತು ಕಷ್ಟ, ಅದು ಬೇರೆ ಮಾತು.

ತಟಸ್ಥರೋ ಅಲ್ಲವೋ ತಿಳಿಯಬೇಕಾದರೆ ಪ್ರವಚನ ಕೇಳಬೇಡಿ, ಆದೇಶ ಓದಿ. 10 ರೂಪಾಯಿ ಶುಲ್ಕ ಕಟ್ಟಿ ಡಿಸಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಮಠದ ಹೆಸರು, ಸರ್ವೆ ನಂಬರ್, ವರ್ಷ ಬರೆದು ಮಂಜೂರಾತಿ ಆದೇಶದ ಪ್ರತಿ ಕೇಳಿ. ಒಂದೇ ವಿಷಯ, 150 ಪದದೊಳಗೆ. ಮೀರಿದರೆ ಅದೇ ನೆಪವಾಗುತ್ತದೆ. ಉತ್ತರಕ್ಕೆ 30 ದಿನ.