ಯೂರೇಲ್ ಪಾಸ್ ಇದ್ದರೂ ಕೆಲವು ರೈಲುಗಳಲ್ಲಿ ಸೀಟಿಗೆ ಮತ್ತೆ ದುಡ್ಡು ಏಕೆ?

ಯೂರೇಲ್ ಎಂದರೆ ಯೂರೋಪಿನ ಹೊರಗೆ ನೆಲೆಸಿದವರು ಅಲ್ಲಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಕೊಳ್ಳುವ ಪಾಸ್. ಅದು ಪ್ರಯಾಣದರಕ್ಕೆ ಮಾತ್ರ, ಸೀಟು ಅದರಲ್ಲಿ ಸೇರಿಲ್ಲ. ಫ್ರಾನ್ಸಿನ ಟಿಜಿವಿ, ಸ್ಪೇನಿನ ಆವೆಯಂಥ ವೇಗದ ರೈಲುಗಳಲ್ಲಿ ಸೀಟು ಕಾದಿರಿಸುವುದು ಕಡ್ಡಾಯ. ಪಾಸಿನವರೂ ಆ ಶುಲ್ಕ ಕೊಡಲೇಬೇಕು. ಟಿಜಿವಿಯಲ್ಲಂತೂ ಪಾಸಿನವರಿಗೆ ಇಟ್ಟ ಸೀಟುಗಳೇ ಕಡಿಮೆ, ಬೇಸಿಗೆಯಲ್ಲಿ ಬೇಗ ಮುಗಿದುಹೋಗುತ್ತವೆ.

ಜರ್ಮನಿಯೊಳಗೆ ಓಡುವ ವೇಗದ ರೈಲು ಐಸಿಇ ಹಾಗಲ್ಲ. ಖಾಲಿ ಸೀಟು ಕಂಡರೆ ಕೂತುಬಿಡಬಹುದು. ಸೀಟಿನ ಬಳಿಯ ಪುಟ್ಟ ಪರದೆಯಲ್ಲಿ ಎರಡು ಊರುಗಳ ಹೆಸರಿದ್ದರೆ ಆ ಊರುಗಳ ನಡುವೆ ಅದು ಬೇರೆಯವರದು, ಅಷ್ಟೇ.

ಆದ್ದರಿಂದ ಪ್ಯಾರಿಸ್–ಬಾರ್ಸಿಲೋನಾ ಸೀಟು ಮೊದಲೇ ಹಿಡಿದಿಟ್ಟು, ಮ್ಯೂನಿಕ್–ಬರ್ಲಿನ್ ಪ್ರಯಾಣವನ್ನು ಆ ಹೊತ್ತಿನ ಮನಸ್ಸಿಗೆ ಬಿಡಿ. ವಯಸ್ಸು 27 ದಾಟಿಲ್ಲದಿದ್ದರೆ ಯೂತ್ ಪಾಸ್ ತಗೊಳ್ಳಿ, ಅಗ್ಗ. ಅಂದಹಾಗೆ, ಯೂರೋಪಿನಲ್ಲೇ ನೆಲೆಸಿ ಓದುತ್ತಿರುವ ನಮ್ಮ ಹುಡುಗರಿಗೆ ಸಿಗುವುದು ಯೂರೋಪಿನ ನಿವಾಸಿಗಳಿಗೆಂದೇ ಇರುವ ಇಂಟರ್‌ರೇಲ್ ಪಾಸ್, ಯೂರೇಲ್ ಅಲ್ಲ.